ಅಮ್ಮಾ, ಸ್ವಲ್ಪ ದೂರ ನಿಲ್ಲಿ

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಅಮ್ಮಾ, ನೀವು ಸ್ವಲ್ಪ ದೂರ ನಿಲ್ಲಿ."

ನಮ್ಮ ಹಳೆ ಪೆಟ್ರೋಲ್ ಮಾರುತಿ 800 ಈಗ ಎಲೆಕ್ಟ್ರಿಕ್ ಆಗುತ್ತಿದೆ. ಶಿರಸಿಯ ಗ್ಯಾರೇಜಿನಲ್ಲಿ ಅದಕ್ಕೆ ಬ್ಯಾಟರಿ ಜೋಡಿಸುವ ಹುಡುಗ ಇದನ್ನು ಹೇಳಿದ್ದು ನನ್ನ ಆಯಿಗೆ, ಅಂದರೆ ಅಮ್ಮನಿಗೆ. ಆಯಿ ರಿಟೈರ್ ಆಗುವವರೆಗೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು.

ಈ ಕಾರನ್ನು ಗುಜರಿಗೆ ಹಾಕಿ ಅಂದವರೇ ಜಾಸ್ತಿ. ಕುಮಟೆಯಲ್ಲಿದ್ದಾಗ ಉಪ್ಪುಗಾಳಿಗೆ ತಳದ ತಗಡು ತಿಂದು ಹೋಗಿತ್ತು, 796 ಸಿಸಿ ಇಂಜಿನ್ ಹೊಗೆ ಉಗುಳುತ್ತಿತ್ತು. "ತಮಾ, ಹೋಗಿದ್ದು ಇಂಜಿನ್. ಗೇರ್‌ಬಾಕ್ಸ್ ಗಟ್ಟಿ ಇದ್ದಲ" ಅಂದವಳು ಆಯಿಯೇ. ಎಲೆಕ್ಟ್ರಿಕ್ ಮಾಡುವುದಾದರೆ ಮಾನ್ಯತೆ ಇರುವ ಕಿಟ್ಟೇ ಬೇಕೆಂದು ಹಟ ಹಿಡಿದವಳೂ ಅವಳೇ. ತಗಡಿಗೆ ವೆಲ್ಡಿಂಗ್ ಆಯ್ತು. ಹಳೆ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಹಾಕಿ ಮೋಟಾರು ಕೂರಿಸಿದರು.

ಸೋಮವಾರ ಬ್ಯಾಟರಿ. 24 ಸೆಲ್ಲು, ಒಂದೊಂದು 3.2 ವೋಲ್ಟಿನದು, ಸಾಲಾಗಿ ಜೋಡಿಸಿದ್ದು. ಹತ್ತಿರ ಹೋಗುವ ಮೊದಲು ಆಯಿ ಬಳೆ ತೆಗೆದಳು, ವಾಚ್ ತೆಗೆದಳು. ಆಮೇಲೆ ಕರಿಮಣಿಯನ್ನೂ ತೆಗೆದು ಕರ್ಚೀಫಿನಲ್ಲಿ ಕಟ್ಟಿ ನನ್ನ ಜೇಬಿಗೆ ಹಾಕಿದಳು. ಸ್ನಾನಕ್ಕೂ ತೆಗೆಯದ ಸರ ಅದು. ಚಿನ್ನ ಎರಡು ಟರ್ಮಿನಲ್‌ಗೆ ತಾಗಿದರೆ ಶಾರ್ಟ್ ಆಗಿ ಮೈ ಸುಡುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಹುಡುಗನ ಕೈಯಲ್ಲಿ ಸ್ಟೀಲ್ ಕಡಗ ಹಾಗೇ ಇತ್ತು.

ದೂರ ನಿಲ್ಲಿ ಅಂದಾಗ ಆಯಿ ಎರಡು ಹೆಜ್ಜೆ ಹಿಂದೆ ಸರಿದಳು. ಅಲ್ಲಿಂದಲೇ ಕೇಳಿದಳು: "ಮೋಟಾರಿನ ಕಂಟ್ರೋಲರ್ ಒಳಗೆ ಚಾರ್ಜ್ ಹಿಡಿದಿಡೋ ಕೆಪಾಸಿಟರ್ ಈಗ ಖಾಲಿ ಇರ್ತದಲ್ಲ. ಬ್ಯಾಟರಿ ಒಮ್ಮೆಲೇ ಜೋಡಿಸಿದರೆ ಕರೆಂಟ್ ನುಗ್ಗೋದಿಲ್ವಾ? ಮೊದಲು ನಿಧಾನ ತುಂಬಿಸೋ ರೆಸಿಸ್ಟರ್ ಎಲ್ಲಿ?"

ಹುಡುಗ ವೈರಿಂಗ್ ನೋಡಿದ. ಆಯಿ ಕೇಳಿದ ಆ ಪ್ರೀಚಾರ್ಜ್ ರೆಸಿಸ್ಟರ್ ಕಿಟ್ಟಿನ ಡಬ್ಬಿಯಲ್ಲೇ ಉಳಿದಿತ್ತು. ಅದಿಲ್ಲದೆ ಜೋಡಿಸಿದ್ದರೆ ಕಾಂಟ್ಯಾಕ್ಟರಿನ, ಅಂದರೆ ಬ್ಯಾಟರಿಯ ದೊಡ್ಡ ಸ್ವಿಚ್ಚಿನ, ಪಾಯಿಂಟುಗಳು ಬೆಸೆದುಕೊಳ್ಳುವ ಅಪಾಯ ಇತ್ತು. ಹಾಗಾದರೆ ಕೀ ಆಫ್ ಮಾಡಿದರೂ ಕರೆಂಟ್ ನಿಲ್ಲುವುದಿಲ್ಲ. ಅವನು ಕೆಟ್ಟವನಲ್ಲ, ಕೆಲಸಗಾರ. ಕಡಗ ತೆಗೆದಿಟ್ಟು ರೆಸಿಸ್ಟರ್ ಹಾಕಿದ. ಆಯಿ ಟಾರ್ಚ್ ಹಿಡಿದಳು.

ನನಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಸೀರೆ ಉಟ್ಟು ಗ್ಯಾರೇಜಿಗೆ ಬಂದವಳಿಗೆ ಏನೂ ಗೊತ್ತಿಲ್ಲ ಅಂತ ಯಾಕೆ ಮೊದಲೇ ತೀರ್ಮಾನ ಆಗಿಬಿಡುತ್ತದೆ? ಬೋರ್ಡಿನ ಮೇಲೆ ಸರ್ಕ್ಯೂಟ್ ಬರೆದಾಗ ಅವಳು ಟೀಚರ್. ಅದೇ ಸರ್ಕ್ಯೂಟ್ ಕಾರಿನೊಳಗೆ ಬಂದ ಕೂಡಲೇ ಬರೀ ಅಮ್ಮ. ನಮ್ಮ ಮನೆಯಲ್ಲೂ ಪಂಪ್‌ಸೆಟ್ಟಿನ ಫ್ಯೂಸ್ ಹೋದಾಗ ನೋಡುವವಳು ಆಯಿ, ಊರವರು ವಿಚಾರಿಸುವುದು ಅಪ್ಪನನ್ನು. ಎಷ್ಟು ಮನೆಗಳಲ್ಲಿ ಹೀಗೇ ಇದೆಯೋ. ಕೇಳದೇ ಬಿಟ್ಟ ಪ್ರಶ್ನೆಗಳಿಂದ ಎಷ್ಟು ಯಂತ್ರ ಸುಟ್ಟಿವೆಯೋ.

ಈಗ ಆರ್‌ಟಿಒ ಕೆಲಸ ಬಾಕಿ. ಆರ್‌ಸಿಯಲ್ಲಿ ಪೆಟ್ರೋಲ್ ಹೋಗಿ ಎಲೆಕ್ಟ್ರಿಕ್ ಎಂದು ಬರಬೇಕು. ಕಾರನ್ನು ಆಯಿಯ ಹೆಸರಿಗೇ ಮಾಡಿಸೋಣ ಎಂದೆ. ಅಪ್ಪ ತಕ್ಷಣ ಹೂಂ ಅಂದ. ಹೆಸರಿನ ಮಾತು ಆಮೇಲೆ, ಮೊದಲು ದೇವಿಮನೆ ಘಟ್ಟ ಹತ್ತಿಸಿ ಮೋಟಾರು ಎಷ್ಟು ಬಿಸಿಯಾಗುತ್ತದೆ ನೋಡಬೇಕು ಅಂತಾಳೆ ಆಯಿ.