ಕೊಟ್ಟಿಗೆ ಯೆಜ್ಡಿ ಕೊಳ್ಳುವ ಮುನ್ನ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ಕೊಟ್ಟಿಗೆಯಲ್ಲಿ ಸಿಗುವ ಹಳೇ ಯೆಜ್ಡಿ ಎಷ್ಟು ಮಳೆಗಾಲ ಕಂಡಿದೆಯೋ ಲೆಕ್ಕ ಹಾಕಿಕೊಳ್ಳಿ. ಹೊಸ ಪೇಂಟ್‌ಗೆ ಮರುಳಾಗಬೇಡಿ. ಸೀಟು ಎತ್ತಿ ಟಾರ್ಚ್ ಬಿಡಿ; ಮಡ್‌ಗಾರ್ಡ್ ಒಳಮೈ, ಸೈಡ್ ಸ್ಟ್ಯಾಂಡ್ ಬೆಸುಗೆ, ಟ್ಯಾಂಕಿನ ತಳ ತುಕ್ಕು ಹಿಡಿದಿದೆಯೇ ನೋಡಿ. ಆಯಸ್ಕಾಂತ ಹಿಡಿಯದ ಜಾಗದಲ್ಲಿ ಪೇಂಟಿನಡಿ ತಗಡಿಗಿಂತ ತೂತು ಮುಚ್ಚುವ ಪುಟ್ಟಿಯೇ ಹೆಚ್ಚು.

ಎಂಜಿನ್ ತಣ್ಣಗಿರುವಾಗಲೇ ಹೋಗಿ, ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ವರ್ಷಗಟ್ಟಲೆ ನಿಂತ ಎರಡು ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್ ಶಾಫ್ಟಿನ ಎರಡೂ ಬದಿಯ ರಬ್ಬರ್ ಆಯಿಲ್ ಸೀಲ್ ಒಣಗಿ ಗಟ್ಟಿಯಾಗುತ್ತದೆ. ಎಡಗಡೆಯದು ಹೋದರೆ ಎಂಜಿನ್ ಗೇರ್ ಆಯಿಲ್ ಹೀರುತ್ತದೆ: ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆ. ಬಲಗಡೆಯ, ಅಂದರೆ ಡೈನಮೋ ಕಡೆಯದು ಹೋದರೆ ಗಾಳಿ ಹೀರಿ, ಥ್ರಾಟಲ್ ಬಿಟ್ಟರೂ ಎಂಜಿನ್ನಿನ ಐಡಲ್ ವೇಗ ಏರುತ್ತಲೇ ಇರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಜಾಮ್. ಸೀಲ್ ಅಗ್ಗ, ಎಂಜಿನ್ ಬಿಚ್ಚುವ ಕೂಲಿಯೇ ಹೆಚ್ಚು. ಬೆಲೆ ಮಾತಾಡುವಾಗ ಅದನ್ನು ಕಳೆಯಿರಿ.

ಇಷ್ಟೆಲ್ಲ ಸರಿಯಿದ್ದರೂ ಆರ್‌ಸಿ (ನೋಂದಣಿ ಪತ್ರ) ಇಲ್ಲದಿದ್ದರೆ ಅದು ಗುಜರಿ ಮಾಲೇ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗ್ರೀಸ್ ಒರೆಸಿ ಓದಿ, ಆರ್‌ಸಿ ಜೊತೆ ತಾಳೆ ನೋಡಿ. 15 ವರ್ಷ ದಾಟಿದ ನೋಂದಣಿ ನವೀಕರಣವಾಗಿದೆಯೇ ಎಂದೂ ಕೇಳಿ.