ನಿಂತವಳನ್ನು ನೇತುಹಾಕಿದ ಕಥೆ

ಹಾಸನದಲ್ಲಿ ನನ್ನದೊಂದು ಫ್ರೇಮ್ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಇವೇ ಜಾಸ್ತಿ. ಕಲಾ ಪ್ರದರ್ಶನಕ್ಕೆ ಚಿತ್ರ ತೂಗುಹಾಕುವ ಕೆಲಸ ವರ್ಷಕ್ಕೆ ಒಂದೋ ಎರಡೋ ಬರುತ್ತದೆ ಅಷ್ಟೇ.

ಹೋದ ವರ್ಷ 9 ಜನ ಕಲಾವಿದರು ಸೇರಿ ಇಲ್ಲೇ ಒಂದು ಹಾಲ್‌ನಲ್ಲಿ ಪ್ರದರ್ಶನ ಇಟ್ಟರು. ಎಲ್ಲರದ್ದೂ ಒಂದೇ ವಿಷಯ, ಮನುಷ್ಯನ ದೇಹ. ಇದ್ದಿಲಲ್ಲಿ ಬರೆದ ಅಂಗೈ ಅಗಲದ ಮುದುಕಿ ಮುಖ, ಕಾಫಿ ತೋಟದ ಆಳುಗಳ ಬರೀ ಬೆನ್ನು ಕಾಣುವ ಏಳು ಚಿತ್ರ, ಒಂದು ಬೆತ್ತಲೆ ಗಂಡಸು, ಮತ್ತೆ 6 ಅಡಿ ಕ್ಯಾನ್ವಾಸಿನ ಮೇಲೆ ಬರಿಗಾಲಲ್ಲಿ ನಿಂತ ಆಳೆತ್ತರದ ಹೆಂಗಸು.

ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರಬೇಕು, ಸಾಧಾರಣ ಎತ್ತರದವರ ಕಣ್ಣಿಗೆ ಅದು ಸರಿಹೋಗುತ್ತದೆ. ನಾನು 58 ಇಂಚಿಗೆ ದಾರ ಕಟ್ಟಿ, ಲೆವೆಲ್ ಇಟ್ಟು ನೋಡಿ, ರಾತ್ರಿ ಹತ್ತಕ್ಕೆಲ್ಲ ಅಷ್ಟನ್ನೂ ಹಾಕಿ ಮುಗಿಸಿದೆ. ಕೂದಲೆಳೆ ಆಚೀಚೆ ಇರಲಿಲ್ಲ, ಹೆಮ್ಮೆಯಿಂದಲೇ ಮನೆಗೆ ಹೋದೆ.

ಬೆಳಿಗ್ಗೆ ಆ ಹೆಂಗಸಿನ ಚಿತ್ರ ಬರೆದ ಹುಡುಗಿ ಬಂದು ಗೋಡೆ ನೋಡಿ ಸುಮ್ನೆ ನಿಂತಳು. ಆಮೇಲೆ, "ಅಣ್ಣಾ, ನಾನು ನಿಂತವಳನ್ನ ಬರೆದಿದ್ದು. ನೀವು ಅವಳನ್ನ ನೇತುಹಾಕಿದ್ದೀರ" ಅಂದಳು.

ಟೇಪು ಹಿಡಿದೆ. ಅವಳ ಪಾದ ನೆಲದಿಂದ 2 ಅಡಿ ಮೇಲಿತ್ತು, ಕಣ್ಣು 7 ಅಡಿಯಲ್ಲಿ. ಫ್ರೇಮಿನ ನಡು ಅಳೆದಿದ್ದೆನೇ ಹೊರತು ಒಳಗಿನ ಆಳನ್ನು ಅಳೆದೇ ಇರಲಿಲ್ಲ! ಕ್ಯಾನ್ವಾಸನ್ನು ನೆಲದಿಂದ 4 ಇಂಚಿಗೆ ಇಳಿಸಿದೆವು. ಆಗ ಅವಳ ಕಣ್ಣು ಹೆಚ್ಚುಕಡಿಮೆ ನನ್ನ ಕಣ್ಣಿಗೇ ಬಂತು, ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಆವತ್ತು ಸಂಜೆ ಒಬ್ಬರು ಮಗುವಿನ ಕೈ ಹಿಡಿದುಕೊಂಡು ಹೋಗುತ್ತಾ, ಬಸ್ಸಿನಲ್ಲಿ ಎದುರು ಸಿಕ್ಕವರಿಗೆ ದಾರಿ ಬಿಡ್ತೀವಲ್ಲ ಹಾಗೆ, ಆ ಚಿತ್ರದ ಮುಂದೆ ಪಕ್ಕಕ್ಕೆ ಸರಿದು ಹೋದರು.

ಬೆತ್ತಲೆ ಚಿತ್ರದ್ದು ಇನ್ನೊಂದು ಗೋಳು. ಹಾಲ್ ನೋಡಿಕೊಳ್ಳುವವರು "ಹೆಂಗಸರು ಮಕ್ಕಳು ಬರ್ತಾರೆ, ಮೂಲೆಗೆ ಹಾಕಿ" ಅಂದಿದ್ದರು. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸಾವಿರ ವರ್ಷದಿಂದ ಬಯಲಲ್ಲೇ ನಿಂತಿದ್ದಾನೆ, ಅದೂ ಸುಮಾರು 58 ಅಡಿ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗಿ ತೋರಿಸ್ತೀವಿ ಅಲ್ವಾ. ಆದರೂ ವಾದ ಯಾಕೆ ಅಂತ ಮೂಲೆಗೇ ಹಾಕಿದೆ. ಮೊದಲ ದಿನವೆಲ್ಲ ಕಾಲೇಜು ಹುಡುಗರು ಆ ಮೂಲೆಯಲ್ಲೇ ಗುಂಪುಗಟ್ಟಿ ಕಿಸಿಕಿಸಿ ನಕ್ಕರು. ಬಚ್ಚಿಟ್ಟರೆ ಅದು ಗುಟ್ಟಾಗುತ್ತದೆ, ಅಷ್ಟೂ ನನಗೆ ಹೊಳೆದಿರಲಿಲ್ಲ. ಎರಡನೇ ದಿನ ಎದುರು ಗೋಡೆಗೆ, ಆ ಏಳು ಬೆನ್ನುಗಳ ಸಾಲಿನ ಪಕ್ಕಕ್ಕೆ ತಂದೆವು. ನಗು ನಿಂತಿತು. ಹೆಗಲ ಗೆರೆ ಹೇಗೆ ಬಂದಿದೆ ಅಂತ ಒಬ್ಬ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ನಿಂತಿದ್ದ.

ಮುದುಕಿ ಮುಖವನ್ನು ಇನ್ನಷ್ಟು ಒಳ್ಳೆ ಕಡೆ ಹಾಕಬಹುದಿತ್ತು. ದೊಡ್ಡ ಚಿತ್ರದ ಪಕ್ಕ ಸೇರಿಕೊಂಡು ಕಾಣೆಯಾಗಿಬಿಟ್ಟಿತು. ಅದಕ್ಕೆ ಒಂದು ಗೋಡೆಯನ್ನೇ ಕೊಡಬೇಕಿತ್ತು, ಕೊಡಲಿಲ್ಲ.

ಪ್ರದರ್ಶನ ಮುಗಿದ ಭಾನುವಾರ ಬೇಲೂರಿಗೆ ಹೋದೆ. ನೂರು ಸಲ ನೋಡಿದ ದೇವಸ್ಥಾನ, ಮೊಳೆ ಹೊಡೆಯುವವನ ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಮದನಿಕೆಯರನ್ನು ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ, ಮುಂದಕ್ಕೆ ಬಾಗಿಸಿ ಕೂರಿಸಿದ್ದಾರೆ. ಕೆಳಗೆ ನಿಂತು ಕತ್ತೆತ್ತಿದರೆ ಮುಖ ನಮ್ಮ ಕಡೆಗೇ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ, ತಾವು ಮಾಡಿದ ಮೂರ್ತಿಗಳ ಕೆಳಗೆ ಹೆಸರು ಕೊರೆದು ಹೋಗಿದ್ದಾರೆ. ನೋಡುವವನು ಎಲ್ಲಿ ನಿಲ್ಲುತ್ತಾನೆ ಅನ್ನೋದು 1117ರಲ್ಲಿ ದೇವರ ಪ್ರತಿಷ್ಠೆ ಆಗುವ ಹೊತ್ತಿಗೇ ಇಲ್ಲಿ ಗೊತ್ತಿತ್ತು. ನನಗೆ ಗೊತ್ತಾಗೋಕೆ, ಕಿತ್ತ ಮೊಳೆಗಳ ತೂತು ಮುಚ್ಚಲು ಎರಡು ಡಬ್ಬ ವಾಲ್ ಪುಟ್ಟಿ ಖರ್ಚಾಯಿತು. ಅದರ ದುಡ್ಡು ನಾನು ಬಿಲ್ಲಿಗೆ ಹಾಕಲಿಲ್ಲ ಬಿಡಿ.

ಈಗ ಯಾರಾದರೂ ಕೆಲಸಕ್ಕೆ ಕರೆದರೆ ಮೊದಲು ಸೈಜು ಕೇಳಲ್ಲ. ಚಿತ್ರದಲ್ಲಿರೋರು ನಿಂತಿದ್ದಾರಾ, ಕೂತಿದ್ದಾರಾ, ಮಲಗಿದ್ದಾರಾ ಅಂತ ಕೇಳ್ತೀನಿ.

ಹೋದ ತಿಂಗಳು ಒಬ್ಬ ಹುಡುಗ ತೀರಿಕೊಂಡ ಅಪ್ಪನ ಫೋಟೋಗೆ ಫ್ರೇಮ್ ಹಾಕಿಸಿದ, ನಿಂತು ತೆಗೆಸಿದ ದೊಡ್ಡ ಫೋಟೋ. ಮನೆಗೆ ಹೋಗಿ ಹಾಕಿಕೊಡುವಾಗ, "ಅಪ್ಪ ಎಷ್ಟು ಎತ್ತರ ಇದ್ದರಪ್ಪಾ?" ಅಂತ ಕೇಳಿದೆ. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತು, ತನ್ನ ಕಿವಿಯ ಹತ್ತಿರ ಕೈ ಇಟ್ಟು ತೋರಿಸಿದ. ಅಲ್ಲಿಗೆ ಪೆನ್ಸಿಲಲ್ಲಿ ಗುರುತು ಹಾಕಿಕೊಂಡೆ.