ಎಷ್ಟು ಸ್ಪೀಡ್ ಹೋಗುತ್ತೆ?

ಭಾನುವಾರ ಬೆಳಿಗ್ಗೆ ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ, ಹಳೆಯ ಕಲ್ಲುಗಣಿಯ ಹತ್ತಿರ ನನ್ನ ಪುಟ್ಟ ಮಾದರಿ ಜೀಪಿನ ರಿಮೋಟ್ ಹಿಡಿದು ನಿಂತರೆ ಸಾಕು, ವಾಕಿಂಗ್ ಬಂದವರು ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ಮರಾಠಿಯಲ್ಲಿ, ಹಿಂದಿಯಲ್ಲಿ, ನಮ್ಮವರಾದರೆ ಕನ್ನಡದಲ್ಲಿ. ಭಾಷೆ ಯಾವುದಾದರೂ ಪ್ರಶ್ನೆ ಒಂದೇ: ‘ಇದು ಎಷ್ಟು ಸ್ಪೀಡ್ ಹೋಗುತ್ತೆ?’ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಂಟೆಗೆ ಒಂದು ಕಿಲೋಮೀಟರ್. ಜೋರಾಗಿ ಓಡಿಸಲು ಬರುತ್ತದೆ. ಆದರೆ ಓಡಿಸಿದ ಕ್ಷಣವೇ ಅಷ್ಟು ಹೊತ್ತು ಜೀಪಿನಂತೆ ಕಾಣುತ್ತಿದ್ದದ್ದು ಆಟಿಕೆಯಾಗಿಬಿಡುತ್ತದೆ.

ನನ್ನದು ಮಾರುತಿ ಜಿಪ್ಸಿ, ಹತ್ತನೇ ಒಂದರ ಅಳತೆ. ನಿಜವಾದ ಜಿಪ್ಸಿಯಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2,375 ಮಿಲಿಮೀಟರ್; ನನ್ನದರಲ್ಲಿ 237. ಉದ್ದ, ಅಗಲ, ಎತ್ತರ ಎಲ್ಲವನ್ನೂ ಹತ್ತರಿಂದ ಭಾಗಿಸಬಹುದು. ಭೂಮಿಯ ಸೆಳೆತವನ್ನು ಭಾಗಿಸಲು ಬರುವುದಿಲ್ಲ. ದೊಡ್ಡ ಗಾಡಿಯ ಗಾಲಿ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು 0.45 ಸೆಕೆಂಡು ಬೇಕು. ನನ್ನ ಗಾಡಿಯ ಲೆಕ್ಕದಲ್ಲಿ ಆ ಒಂದು ಮೀಟರ್ ಅಂದರೆ 10 ಸೆಂಟಿಮೀಟರ್, ಅದಕ್ಕೆ 0.14 ಸೆಕೆಂಡು ಸಾಕು. ಅಂದರೆ ಚಿಕ್ಕ ಗಾಡಿಯಲ್ಲಿ ಎಲ್ಲವೂ ಮೂರು ಪಟ್ಟು ಬೇಗ ನಡೆದುಹೋಗುತ್ತದೆ: ಬೀಳುವುದು, ಓಲಾಡುವುದು, ಪುಟಿಯುವುದು. ಹತ್ತರ ವರ್ಗಮೂಲ 3.16, ಅಷ್ಟೇ ಗಣಿತ. ಹಳೆಯ ಸಿನಿಮಾಗಳಲ್ಲಿ ಪುಟ್ಟ ಮಾದರಿಗಳನ್ನು ಸೆಕೆಂಡಿಗೆ ಹೆಚ್ಚು ಫ್ರೇಮಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುತ್ತಿದ್ದದ್ದು ಇದೇ ಕಾರಣಕ್ಕೆ. ನನ್ನ ಗಾಡಿಯನ್ನೂ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ಮೈ ಜುಂ ಎನ್ನುತ್ತದೆ. ಆದರೆ ನನಗದು ಬರಿಗಣ್ಣಿಗೆ ಹಾಗೆ ಕಾಣಬೇಕು. ಬಂಡೆಯ ಮೇಲೆ ನಿಜವಾದ ಜೀಪು ಗಂಟೆಗೆ ಮೂರು ನಾಲ್ಕು ಕಿಲೋಮೀಟರಿನಲ್ಲಿ ತೆವಳಿದರೆ ನನ್ನದು ಒಂದರಲ್ಲಿ ತೆವಳಬೇಕು.

ಈ ಲೆಕ್ಕ ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ಮೊದಲ ವರ್ಷ ಗಾಡಿಗೆ ಏನೇನೋ ಜೋಡಿಸಿದ್ದೆ: ಛಾವಣಿ ಮೇಲೆ ಕ್ಯಾರಿಯರ್, ಅದರಲ್ಲಿ ಜೆರ್ರಿಕ್ಯಾನ್, ಮುಂದೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್, ಉರಿಯುವ ದೀಪಗಳು. ಹತ್ತಿರದ ಕಟ್ಟಡದಲ್ಲಿ ವಾಚ್‌ಮನ್ ಆಗಿರುವ ವಿಜಯಪುರ ಕಡೆಯ ಹಿರಿಯರೊಬ್ಬರು ನೋಡುತ್ತ ನಿಂತಿದ್ದರು. ಊರಲ್ಲಿ ಹದಿನೈದು ವರ್ಷ ಕಬ್ಬಿನ ಟ್ರ್ಯಾಕ್ಟರ್ ಹೊಡೆದವರು. ‘ಗಾಡಿ ಚಂದ ಐತ್ರಿ,’ ಅಂದರು. ‘ಆದ್ರ ಇದಕ್ಕ ಭಾರ ಇಲ್ರಿ. ಕೋಳಿ ಜಿಗಿದಂಗ ಜಿಗೀತೈತಿ.’

ಮನೆಗೆ ಬಂದು ತೂಗಿದೆ. ಅಳತೆ ಹತ್ತು ಪಟ್ಟು ಇಳಿದರೆ ತೂಕ ಸಾವಿರ ಪಟ್ಟು ಇಳಿಯಬೇಕು. ಜಿಪ್ಸಿ ಸುಮಾರು ಒಂದು ಟನ್, ಹಾಗಾಗಿ ನನ್ನದು ಒಂದು ಕಿಲೋ ಇದ್ದರೆ ಸರಿ. ಇದ್ದದ್ದು ಎರಡು ಕಿಲೋ! ಲೆಕ್ಕಕ್ಕಿಂತ ದುಪ್ಪಟ್ಟು ಭಾರವಿದ್ದೂ ಅವರ ಕಣ್ಣಿಗೆ ಹಗುರ ಕಂಡಿತ್ತು. ಅವರ ಕಣ್ಣು ತಕ್ಕಡಿ ನೋಡಿರಲಿಲ್ಲ, ಚಲನೆ ನೋಡಿತ್ತು. ಭಾರದ ಗಾಡಿ ಕಲ್ಲಿನ ಮೇಲೆ ಗಾಲಿ ಇಟ್ಟಾಗ ಮೊದಲು ಸ್ಪ್ರಿಂಗ್ ಕುಗ್ಗುತ್ತದೆ, ಆಮೇಲೆ ಮೈ ವಾಲುತ್ತದೆ, ಆಮೇಲೆ ನಿಧಾನವಾಗಿ ಕೂರುತ್ತದೆ. ಕಬ್ಬು ಹೇರಿದ ಟ್ರೈಲರ್ ಹೊಡೆದವರಿಗೆ ಅದು ಮೈಯಲ್ಲೇ ಗೊತ್ತು.

ಅವತ್ತಿನಿಂದ ಕ್ಯಾರಿಯರ್, ಜೆರ್ರಿಕ್ಯಾನ್ ಎಲ್ಲ ಇಳಿಸಿದೆ. ಮೇಲಿನ ಭಾರ ತೆಗೆದು, ಆಕ್ಸಲ್ ಹತ್ತಿರ ಅಲ್ಯೂಮಿನಿಯಂ ಇದ್ದಲ್ಲಿ ಹಿತ್ತಾಳೆ ಹಾಕಿದೆ; ಹಿತ್ತಾಳೆ ಅದಕ್ಕಿಂತ ಮೂರು ಪಟ್ಟು ತೂಕ. ಸ್ಪ್ರಿಂಗ್ ಮೆತ್ತಗೆ ಮಾಡಿ ಶಾಕ್ ಅಬ್ಸಾರ್ಬರಿಗೆ ಮಂದವಾದ ಸಿಲಿಕಾನ್ ಎಣ್ಣೆ ತುಂಬಿದೆ. ಒಳಗೆ ತಂತಿ 55 ಸುತ್ತು ಸುತ್ತಿದ ಮೋಟಾರ್ ಕೂರಿಸಿದೆ, ಸುತ್ತು ಹೆಚ್ಚಿದಷ್ಟೂ ಓಟ ಕಡಿಮೆ, ತೆವಳುವುದು ನಯ. ಹೊಸ ಹವ್ಯಾಸಿಗಳು ಅಂಗಡಿಯಲ್ಲಿ ಮೊದಲು ಕೊಳ್ಳುವುದು ದೀಪ, ವಿಂಚ್. ಮೊದಲು ಎಣ್ಣೆ ಕೊಳ್ಳಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಅಲಂಕಾರಕ್ಕಿಂತ ಒಳಗಿನದೇ ಮುಖ್ಯ ಎಂಬುದು ಹೊಸ ಮಾತಲ್ಲ. 1985ರಲ್ಲೇ ಜಪಾನಿನ ಟಮಿಯಾ ಕಂಪನಿ ‘ಬ್ರೂಸರ್’ ಎಂಬ, ನಾವೇ ಜೋಡಿಸಿಕೊಳ್ಳುವ ರಿಮೋಟ್ ಪಿಕಪ್ ಕಿಟ್ ತಂದಿತ್ತು: ಏಣಿಯಾಕಾರದ ಲೋಹದ ಚಾಸಿ, ಲೀಫ್ ಸ್ಪ್ರಿಂಗ್, ರಿಮೋಟಿನಿಂದಲೇ ಬದಲಾಯಿಸುವ ಮೂರು ಗೇರು. ಮೇಲಿನ ಬಾಡಿ ತೆಗೆದಿಟ್ಟರೂ ಅದು ಟ್ರಕ್ಕೇ. 2012ರಲ್ಲಿ ಮತ್ತೆ ತಯಾರಿಸಿದರೆಂದರೆ ಜನಕ್ಕೆ ಅದರ ಮೇಲಿದ್ದ ಪ್ರೀತಿ ಎಂಥದ್ದಿರಬೇಕು.

ಗಾಲಿಯ ವಿಷಯದಲ್ಲಿ ನಾನಿನ್ನೂ ಸೋತಿದ್ದೇನೆ. ಜಿಪ್ಸಿಯ ಟೈರು ಸುಮಾರು 668 ಮಿಲಿಮೀಟರ್ ಎತ್ತರ, ನನಗೆ ಬೇಕಾದದ್ದು 67. ಈ ಅಳತೆಯ ಗಾಡಿಗಳಿಗೆ ಸಾಮಾನ್ಯವಾಗಿ ಬರುವ 1.9 ಇಂಚಿನ ರಿಮ್ಮಿನ ಟೈರುಗಳು 110ರಿಂದ 120. ದೊಡ್ಡ ಗಾಡಿಗೆ ಲೆಕ್ಕ ಹಾಕಿದರೆ ಆಳಿನ ಎದೆಮಟ್ಟ! 1.55 ಇಂಚಿನ ರಿಮ್ಮಿಗೆ ಇಳಿದು 90ರ ಟೈರು ಹಾಕಿದ್ದೇನೆ. ಇನ್ನೂ ಚಿಕ್ಕದು ಹಾಕಿದರೆ ಗಣಿಯ ಕಲ್ಲು ಹತ್ತುವುದಿಲ್ಲ.

ಕೈಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಅಂಚು. ಪ್ಲಾಸ್ಟಿಕ್ ಬಾಡಿಯ ದಪ್ಪ ಒಂದೂವರೆ ಮಿಲಿಮೀಟರ್. ದೊಡ್ಡ ಗಾಡಿಗೆ ಅದು ಒಂದೂವರೆ ಸೆಂಟಿಮೀಟರ್ ದಪ್ಪದ ತಗಡು, ಯಾವ ಜೀಪಿಗೂ ಅಂಥ ತಗಡಿಲ್ಲ. ಹಾಗಾಗಿ ಗಾಲಿಯ ಕಮಾನಿನ ಅಂಚನ್ನು ಒಳಗಡೆಯಿಂದ ಸಣ್ಣ ಅರದಲ್ಲಿ ತೀಡುತ್ತ ಹೋಗುತ್ತೇನೆ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕ ಆಗುವಷ್ಟು. ಒಂದು ಕಮಾನಿಗೆ ಎರಡು ಸಂಜೆ. ಹೊರಗಿನಿಂದ ನೋಡುವವರಿಗೆ ಏನು ಬದಲಾಗಿದೆ ಎಂದು ಹೇಳಲು ಬರುವುದಿಲ್ಲ, ಆದರೆ ಗಾಡಿ ತಗಡಿನದಾಗಿಬಿಟ್ಟಿರುತ್ತದೆ.

ಧೂಳೂ ಹಾಗೇ. ಟೇಕಡಿಯ ಮುರುಮನ್ನು, ಅಂದರೆ ಹರಳು ಬೆರೆತ ಮಣ್ಣನ್ನು, ನೇರವಾಗಿ ಮೆತ್ತಿದರೆ ಕೆಡುತ್ತದೆ. ಒಂದು ಮಿಲಿಮೀಟರಿನ ಹರಳು ಈ ಗಾಡಿಗೆ ಒಂದು ಸೆಂಟಿಮೀಟರಿನ ಜಲ್ಲಿ. ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೆಯ ಪಂಚೆಯಲ್ಲಿ ಜರಡಿ ಹಿಡಿದು, ಕೆಳಗೆ ಇಳಿದ ಹುಡಿಯನ್ನು ಮಾತ್ರ ಹೊಳಪಿಲ್ಲದ ವಾರ್ನಿಶ್‌ನಲ್ಲಿ ಹಿಡಿಸಬೇಕು. ನೀರಿಗೆ ಇಂಥ ಉಪಾಯವಿಲ್ಲ. ಹನಿ ಜರಡಿಗೆ ಸಿಗುವುದಿಲ್ಲ, ಬಾನೆಟ್ ಮೇಲೆ ಒಂದು ಹನಿ ಕೂತರೂ ಅದು ಮುಷ್ಟಿಗಾತ್ರ. ಆದ್ದರಿಂದ ಮಳೆಗಾಲದಲ್ಲಿ ನಾನು ಫೋಟೊ ತೆಗೆಯುವುದಿಲ್ಲ.

ಹೋದ ಭಾನುವಾರ ಗಣಿಯ ಅಂಚಿನ ಒಂದು ಮೀಟರ್ ಉದ್ದದ ಕಪ್ಪು ಬಂಡೆ ದಾಟಲು ಗಾಡಿ ಐದು ಸೆಕೆಂಡು ತೆಗೆದುಕೊಂಡಿತು. ಎಡ ಮುಂದಿನ ಗಾಲಿ ಹತ್ತಿತು, ಮೈ ಬಲಕ್ಕೆ ವಾಲಿತು, ಒಂದು ಗಳಿಗೆ ನಿಂತು ಕೂತಿತು. ಆ ಹಿರಿಯರು ಪಕ್ಕದಲ್ಲೇ ಇದ್ದರು. ತಮಗೆ ತಿಳಿಯದಂತೆ ತಾವೂ ಬಲಕ್ಕೆ ವಾಲಿದ್ದರು.